‘ಯಾವ ಕೆಲಸಕ್ಕ?’: ಸಮೀರವಾಡಿಯ ಕೊಯ್ತಾ ಕೇಳಿದ ಪ್ರಶ್ನೆ

   

ಇವತ್ತಿನ ವಿಷಯ ಚಾಕು. ಹೌದು, ಚಾಕುವೇ. ದಿನದ ಕೆಲಸಕ್ಕೆ ಗಟ್ಟಿಮುಟ್ಟಾದ ಒಂದು ಚಾಕು ಆರಿಸೋದು ಹೇಗೆ ಅನ್ನೋ ಸಣ್ಣ ಪ್ರಶ್ನೆ. ಈ ಪ್ರಶ್ನೆ ಹಿಡಿದು ಹೊರಟವನು ನಾನು 1857ಕ್ಕೆ ಹೋಗಿ ಮುಟ್ಟಿದೆ. ಹೇಗೆ ಅಂತ ಹೇಳ್ತೀನಿ.

ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಮಡಚುವ ಚಾಕು ತರಿಸಿದ್ದೆ. ಕಪ್ಪು ಬಣ್ಣ, ಹಿಡಿಯ ಮೇಲೆ ಗೆರೆ ಗೆರೆ, ಫೋಟೋದಲ್ಲಿ ಹಿಮದ ಬೆಟ್ಟ. ಪಾರ್ಸೆಲ್ ಬಿಚ್ಚೋದು, ಕೇಬಲ್ ಟೈ ಕತ್ತರಿಸೋದು, ಇಷ್ಟೇ ನನ್ನ ಕೆಲಸ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿ ಕಡೆ ರೆಕಾರ್ಡಿಂಗ್‌ಗೆ ಹೋದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಇದು ಬಾಗಲಕೋಟೆ ಜಿಲ್ಲೆಯಲ್ಲಿ, ಮಹಾಲಿಂಗಪುರದ ಹತ್ತಿರ, ಸೋಮಯ್ಯ ಸಮೂಹದ ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರು. ಘಟಪ್ರಭೆಯ ನೀರು, ಕರಿ ಮಣ್ಣು, ಎತ್ತ ನೋಡಿದರೂ ಕಬ್ಬು. ಹಂಗಾಮು ಶುರುವಾಯಿತು ಅಂದರೆ ರಸ್ತೆಯಲ್ಲಿ ಟ್ರ್ಯಾಕ್ಟರಿನದೇ ರಾಜ್ಯ.

ಕಬ್ಬಿನ ಫಡದಲ್ಲಿ ಗ್ಯಾಂಗ್‌ನವರು ಕಟಾವು ನಡೆಸಿದ್ದರು. ನಾನು ಜಾಣತನ ಮಾಡಿ ನನ್ನ ಚಾಕು ತೆಗೆದು ಒಂದು ಕಬ್ಬು ಕೊಯ್ಯೋಕೆ ಹೋದೆ. ನಾಲ್ಕು ಸಲ ಎಳೆದೆ, ಐದು ಸಲ ಎಳೆದೆ. ಸಿಪ್ಪೆಯಷ್ಟೇ ಕಿತ್ತಿತು. ಆರನೇ ಸಲಕ್ಕೆ ಚಾಕುವಿನ ಕೀಲೇ ಸಡಿಲಾಗಿ ಅಲಗು ಅಲ್ಲಾಡತೊಡಗಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸೊಂಟ ನೆಟ್ಟಗೆ ಮಾಡಿ ನೋಡಿದರು.

“ತಮ್ಮಾ, ಉಗುರ ತಗ್ಯಾಕ ಛಲೋ ಐತಿ ನೋಡು ಇದು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅವರು ತಮ್ಮ ಕೊಯ್ತಾ ನನ್ನ ಕೈಗೆ ಕೊಟ್ಟರು.

ಕೊಯ್ತಾ ಮಾಡೋ ಕೆಲಸ

ಕೊಯ್ತಾ ಮರಾಠಿಯಿಂದ ಬಂದ ಮಾತು. ನಮ್ಮ ಕಡೆ ಕಬ್ಬು ಕಡಿಯೋ ಕತ್ತಿಗೆ ಇದೇ ಹೆಸರು. ಸುಮಾರು ಮೊಳದುದ್ದದ ಸಾಮಾನು. ಅಗಲ ಅಲಗು, ತುದಿಯಲ್ಲಿ ಮುಂದಕ್ಕೆ ಬಾಗಿರುತ್ತೆ, ಕಟ್ಟಿಗೆಯ ಹಿಡಿ. ಕೈಗೆ ತಗೊಂಡರೆ ಭಾರ ಮುಂದಕ್ಕೆ ಎಳೆಯುತ್ತೆ. ಆ ಭಾರವೇ ಅರ್ಧ ಕೆಲಸ ಮಾಡುತ್ತೆ.

ಅವರು ತೋರಿಸಿದ್ದು ಹೀಗೆ. ಬಗ್ಗಿ, ಎಡಗೈಯಲ್ಲಿ ಕಬ್ಬು ಹಿಡಿದು, ನೆಲಕ್ಕೆ ಹತ್ತಿ ಓರೆಯಾಗಿ ಒಂದು ಏಟು. ಆಮೇಲೆ ಎತ್ತಿ, ಅಲಗಿನಿಂದಲೇ ರವದಿ ಸವರಿ, ತುದಿಯ ಹಸಿರು ಭಾಗಕ್ಕೆ ಇನ್ನೊಂದು ಏಟು. ನೋಡೋಕೆ ಸರಳ. ಆದರೆ ನೆಲಕ್ಕೆ ಹತ್ತಿಯೇ ಕಡಿಯಬೇಕು ಅನ್ನೋದರ ಹಿಂದೆ ಲೆಕ್ಕ ಇದೆ. ಕಬ್ಬಿನಲ್ಲಿ ಸಕ್ಕರೆ ಹೆಚ್ಚು ತುಂಬಿರೋದು ಬುಡದ ಗೆಣ್ಣುಗಳಲ್ಲಿ. ಎರಡು ಇಂಚು ಮೇಲೆ ಕಡಿದರೆ ತೂಕವೂ ಹೋಯ್ತು, ಸಿಹಿಯೂ ಹೋಯ್ತು. ಅಷ್ಟೇ ಅಲ್ಲ, ಅದೇ ಬುಡದಿಂದ ಮುಂದಿನ ವರ್ಷದ ಕೂಳೆ ಬೆಳೆ ಚಿಗುರಬೇಕು. ಮೊಂಡು ಕತ್ತಿಯಿಂದ ಜಜ್ಜಿದರೆ ಬುಡ ಸೀಳುತ್ತೆ, ಸೀಳಿದ ಬುಡಕ್ಕೆ ರೋಗ ಹೊಕ್ಕುತ್ತೆ. ಅಂದರೆ ಒಬ್ಬ ಕೂಲಿಕಾರನ ಕತ್ತಿಯ ಹರಿತದ ಮೇಲೆ ರೈತನ ಈ ವರ್ಷದ ಬಿಲ್ಲೂ, ಬರೋ ವರ್ಷದ ಬೆಳೆಯೂ ನಿಂತಿರುತ್ತೆ.

ನಾನು ಒಂದು ಏಟು ಹಾಕಿದೆ. ಕಬ್ಬು ಬಿತ್ತು. ಬುಡ ಮಾತ್ರ ಅರ್ಧ ಅಡಿ ಮೇಲೆ ಉಳಿದಿತ್ತು. ಅವರು ಏನೂ ಅನ್ನದೆ ಕೊಯ್ತಾ ವಾಪಸ್ ಇಸಕೊಂಡರು.

ಕಂಬಾರರ ಕುಲುಮೆಯಲ್ಲಿ

ನನಗೂ ಒಂದು ಗಟ್ಟಿ ಚಾಕು ಬೇಕು ಅಂತ ಅವತ್ತೇ ಹತ್ತಿರದ ಒಂದು ಕುಲುಮೆಗೆ ಹೋದೆ. ಕುಲುಮೆ ಅಂದರೆ ಈಗ ತಿದಿ ಒತ್ತೋರು ಇಲ್ಲ, ಸಣ್ಣ ಕರೆಂಟಿನ ಗಾಳಿಯಂತ್ರ ಇದೆ. ಕೆಂಡ ಮಾತ್ರ ಅದೇ.

“ಕಾಕಾ, ಒಂದು ಛಲೋ ಚಾಕು ಮಾಡಿ ಕೊಡ್ರಿ” ಅಂದೆ.

ಅವರು ತಲೆ ಎತ್ತದೆ ಕೇಳಿದರು: “ಯಾವ ಕೆಲಸಕ್ಕ?”

ಉತ್ತರ ಹೇಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಡೀ ಕಂತು ಈ ಎರಡು ಪದದ ಮೇಲೇ ನಿಂತಿದೆ, ನೆನಪಿಟ್ಟುಕೊಳ್ಳಿ.

ಯಾವ ಕೆಲಸಕ್ಕೆ ಅಂತ ಗೊತ್ತಾದ ಮೇಲೆ ಮಿಕ್ಕಿದ್ದೆಲ್ಲ ಸಾಲಾಗಿ ಬರುತ್ತೆ. ಮೊದಲನೆಯದು ಭಾರ. ಬೀಸಿ ಕಡಿಯೋ ಕತ್ತಿಗೆ ಭಾರ ಮುಂದಿರಬೇಕು, ಎಳೆದು ಕೊಯ್ಯೋ ಚಾಕುವಿಗೆ ಭಾರ ಹಿಡಿಯ ಹತ್ತಿರ ಇರಬೇಕು. ಎರಡನೆಯದು ಹಿಡಿಯೊಳಗೆ ಏನಿದೆ ಅನ್ನೋದು. ಅಲಗಿನ ಬಾಲ ಹಿಡಿಯ ಕೊನೇ ತನಕ ಹೋಗಿದ್ದರೆ ಅದು ಬಾಳುತ್ತೆ. ನನ್ನ ಮಡಚುವ ಚಾಕುವಿನಲ್ಲಿ ಇಡೀ ಬಲ ಒಂದು ಸಣ್ಣ ಕೀಲಿನ ಮೇಲೆ ನಿಂತಿತ್ತು. ಮೂರನೆಯದು ಹಿಡಿಯ ಕಟ್ಟಿಗೆ. ನಮ್ಮ ಕಡೆ ಜಾಲಿಗೇ ಮರ್ಯಾದೆ. ಗಟ್ಟಿ, ಏಟು ತಡೆಯುತ್ತೆ, ಹೊಲದ ಬದುವಿನಲ್ಲೇ ಸಿಗುತ್ತೆ. ನುಣ್ಣಗೆ ಹೊಳೆಯೋ ಪ್ಲಾಸ್ಟಿಕ್ ಹಿಡಿ ಬೆವರಿದ ಕೈಯಲ್ಲಿ ಜಾರುತ್ತೆ.

ನಾಲ್ಕನೆಯದು ಉಕ್ಕು. ಕಾಕಾ ಮೂಲೆಯಿಂದ ಲಾರಿಯ ಹಳೇ ಪಾಟಾ ಎಳೆದರು. ಲಾರಿಯ ಚಾಸಿ ಕೆಳಗೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಪಟ್ಟಿಗಳಿರುತ್ತವಲ್ಲ, ಅದು. ದೇಶದ ಎಷ್ಟೋ ಹಳ್ಳಿಗಳ ಕತ್ತಿ ಕುಡಗೋಲು ಹುಟ್ಟೋದು ಅದರಿಂದಲೇ. ಕಾರಣ ಕಾರ್ಬನ್. ಕಿಟಕಿ ಸರಳಿಗೆ ಹಾಕೋ ಸಾದಾ ಕಬ್ಬಿಣದಲ್ಲಿ ಕಾರ್ಬನ್ ಸುಮಾರು 0.2% ಅಥವಾ ಅದಕ್ಕೂ ಕಡಿಮೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಹಾಕಿದರೂ ಅಂಚು ಗಟ್ಟಿಯಾಗಲ್ಲ. ಪಾಟಾದ ಉಕ್ಕಿನಲ್ಲಿ 0.5 ರಿಂದ 0.6% ಆಸುಪಾಸು ಇರುತ್ತೆ. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಗಟ್ಟಿಯಾಗುತ್ತೆ. ಬರೀ ಗಟ್ಟಿಯಾದರೆ ಗಾಜಿನ ಹಾಗೆ ಚಕ್ಕೆ ಏಳುತ್ತೆ, ಅದಕ್ಕೇ ಮತ್ತೆ ಮೆಲ್ಲಗೆ ಬಿಸಿ ತೋರಿಸಿ ಬಿಗಿ ಇಳಿಸಬೇಕು. ಇದಕ್ಕೆ ನಮ್ಮ ಮಾತು ‘ಹದ’. ಹೊಲಕ್ಕೂ ಹದ, ಪಾಕಕ್ಕೂ ಹದ, ಉಕ್ಕಿಗೂ ಹದ.

ಐದನೆಯದು, ಮೊಂಡಾದರೆ ಯಾರು ಸರಿ ಮಾಡ್ತಾರೆ ಅನ್ನೋದು. ಹೊಳೆಯೋ ಸ್ಟೇನ್‌ಲೆಸ್ ತುಕ್ಕು ಹಿಡಿಯಲ್ಲ, ನಿಜ. ಆದರೆ ಅಗ್ಗದ ಸ್ಟೇನ್‌ಲೆಸ್ ಚಾಕುವಿನ ಅಂಚು ಬೇಗ ಕೂತುಹೋಗುತ್ತೆ. ಪಾಟಾದ ಕತ್ತಿ ತುಕ್ಕು ಹಿಡಿಯುತ್ತೆ. ಕಬ್ಬಿನ ಹಾಲಿಗೆ ತುಸು ಹುಳಿ ಗುಣ ಇದೆ, ಒರೆಸದೆ ಬಿಟ್ಟರೆ ಬೆಳಗಾಗೋದರಲ್ಲಿ ಕಲೆ ಬೀಳುತ್ತೆ. ಒರೆಸಿ ಎಣ್ಣೆ ಕೈ ಆಡಿಸಿದರೆ ವರ್ಷಗಟ್ಟಲೆ ಬರುತ್ತೆ. ಮೊಂಡಾದರೆ ಕಾನಸು ಆಡಿಸಿದರೆ ಸಾಕು, ತೀರಾ ಸವೆದರೆ ಕುಲುಮೆಗೆ ತಂದು ಹಣಿಸಬೇಕು.

ಹಣಿಸೋದು ಅಂದಾಗ ನೆನಪಾಯಿತು. ಹಿಂದೆ ಊರ ಕಂಬಾರರಿಗೆ ಪ್ರತಿ ಕೆಲಸಕ್ಕೂ ರೊಕ್ಕ ಕೊಡೋ ಪದ್ಧತಿ ಇರಲಿಲ್ಲ. ಅವರು ಊರ ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಕುಡಗೋಲು, ಕುಡ, ಕೊಡಲಿ ಹಣಿದು ಕೊಡಬೇಕು. ರಾಶಿ ಆದಾಗ ರೈತ ಕಣದಲ್ಲಿ ಕಾಳು ಅಳೆದು ಕೊಡಬೇಕು. ಅದೇ ಆಯ. ನಾನು ಓದಿದ್ದು ಬಿ.ಕಾಂ., ನನಗೆ ಇದು ಎಎಂಸಿ ಥರ ಕಾಣುತ್ತೆ. ಸಾಮಾನು ಮಾರಿ ಕೈ ತೊಳೆದುಕೊಳ್ಳೋ ವ್ಯವಹಾರ ಅದಾಗಿರಲಿಲ್ಲ. ಇದನ್ನು ಸ್ವರ್ಗ ಅಂತ ಹೇಳ್ತಿಲ್ಲ. ಬರಗಾಲ ಬಂದರೆ ಆಯವೂ ಇಲ್ಲ, ಜಾತಿ ಬಿಟ್ಟು ಬೇರೆ ಕಸುಬು ಹಿಡಿಯೋಕೂ ಸುಲಭ ಇರಲಿಲ್ಲ. ಆದರೆ ಮೊಂಡು ಕತ್ತಿ ಮಾಡಿದವರು ಅದೇ ಊರಲ್ಲಿ, ಅದೇ ರೈತನ ಮುಖ ನೋಡ್ತಾ ಬದುಕಬೇಕಿತ್ತು. ನನ್ನ ಆನ್‌ಲೈನ್ ಚಾಕು ಮಾಡಿದವರ ಮುಖ ನಾನು ನೋಡಿಲ್ಲ.

ಇನ್ನೊಂದು ಹೆಮ್ಮೆಯ ಮಾತು. 1790ರ ದಶಕದಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿಗೆ ಭಾರತದ ಉಕ್ಕಿನ ಮಾದರಿ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಆ ಉಕ್ಕಿನ ಹೆಸರು ‘ವೂಟ್ಸ್’. ಅದು ನಮ್ಮ ‘ಉಕ್ಕು’ ಪದವೇ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಮುಂದೆ ವಿದ್ಯುತ್ತಿನಿಂದ ಹೆಸರಾದ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಿದ. ಫ್ಯಾರಡೆಯ ಅಪ್ಪನೂ ಕಂಬಾರನೇ.

ಹತ್ಯಾರ ಕೊಡಿ ಅಂದಾಗ

ಕುಲುಮೆಯಲ್ಲಿ ಕೂತಾಗ ಒಂದು ಪದ ಮತ್ತೆ ಮತ್ತೆ ಕಿವಿಗೆ ಬಿತ್ತು: ಹತ್ಯಾರ. ಬಡಿಗೇರರ ಉಳಿ ಬಾಚಿಗೂ ಹತ್ಯಾರ, ಕಟಾವಿನ ಕೊಯ್ತಾಕ್ಕೂ ಹತ್ಯಾರ, ಹಳೇ ಕಾಲದ ಕತ್ತಿ ಭರ್ಚಿಗೂ ಹತ್ಯಾರ. ‘ಆಯುಧ’ವೂ ಹಾಗೇ ಅಲ್ಲವೇ? ಆಯುಧ ಪೂಜೆಯ ದಿನ ನಾವು ಬೈಕು, ಲೇತ್ ಮಷೀನು, ಹೊಲಿಗೆ ಯಂತ್ರಕ್ಕೆಲ್ಲ ಕುಂಕುಮ ಹಚ್ಚುತ್ತೇವೆ. ದುಡಿಯೋ ಸಾಮಾನು, ಕಾದಾಡೋ ಸಾಮಾನು ಎರಡಕ್ಕೂ ನಮ್ಮ ಮಾತಿನಲ್ಲಿ ಗೋಡೆ ಇಲ್ಲ. ಕೈ ಯಾವ ಕೆಲಸಕ್ಕೆ ಎತ್ತಿತು ಅನ್ನೋದರ ಮೇಲೆ ಅರ್ಥ.

ಆ ಗೋಡೆಯನ್ನು ಒಂದು ಸರ್ಕಾರ ಒಮ್ಮೆ ಕಟ್ಟೋಕೆ ಬಂತು. ಎಲ್ಲಿಗೆ ಗೊತ್ತಾ? ಇದೇ ಸೀಮೆಗೆ, ಮುಧೋಳದ ಆಚೆ ಇರೋ ಹಲಗಲಿಗೆ.

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದ ನೆನಪು ನಿಮ್ಮಲ್ಲಿ ಬಹಳ ಜನಕ್ಕೆ ಇರಬಹುದು. ಪರೀಕ್ಷೆಗೆ ಸಾರಾಂಶ ಬಾಯಿಪಾಠ ಮಾಡಿ ಮರೆತಿರ್ತೀವಿ. ನಾನೂ ಮರೆತಿದ್ದೆ. ನಡೆದದ್ದು ಇಷ್ಟು. 1857ರಲ್ಲಿ ಉತ್ತರ ಭಾರತದಲ್ಲಿ ದಂಗೆ ಎದ್ದಾಗ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಹತ್ಯಾರ ಇಟ್ಟುಕೊಳ್ಳೋ ಹಾಗಿಲ್ಲ, ಇದ್ದದ್ದನ್ನು ಒಪ್ಪಿಸಬೇಕು. ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ. ಅದರ ಹಲಗಲಿಯಲ್ಲಿದ್ದ ಬೇಡರಿಗೆ ಬೇಟೆ, ಕಾವಲು, ಸೈನ್ಯದ ಚಾಕರಿ ಇವೇ ಬದುಕು. ಅವರ ಹತ್ಯಾರ ಕಸಿಯೋದು ಅಂದರೆ ಒಕ್ಕಲಿಗನ ನೇಗಿಲು ಕಸಿದ ಹಾಗೆ.

ಸರ್ಕಾರ ಅವರನ್ನು “ಯಾವ ಕೆಲಸಕ್ಕ?” ಅಂತ ಕೇಳಲಿಲ್ಲ. ಉತ್ತರ ಅದೇ ಬರೆದುಕೊಂಡು ಬಂದಿತ್ತು.

ಬೇಡರು ಕೊಡಲ್ಲ ಅಂದರು. ಜಡಗ, ಬಾಲ, ಹನುಮ, ರಾಮ ಎಂಬ ಮುಂದಾಳುಗಳ ಹೆಸರು ಜನರ ಬಾಯಲ್ಲಿ ಇವತ್ತಿಗೂ ಇದೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. 290 ಜನರನ್ನು ಹಿಡಿದರು. 19 ಜನರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 11ರಂದು ಮುಧೋಳದ ಸಂತೆಯ ದಿನ 13 ಜನ, ಡಿಸೆಂಬರ್ 14ರಂದು ಹಲಗಲಿಯಲ್ಲೇ 6 ಜನ. ಸಂತೆಯ ದಿನವನ್ನೇ ಯಾಕೆ ಆರಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ. ಕುಡಗೋಲು, ಕೊಡಲಿ ಕೊಳ್ಳೋಕೆ ಸುತ್ತಲ ಹಳ್ಳಿಯವರು ಬರೋದೂ ಅದೇ ಸಂತೆಗೆ.

ಈ ಕಥೆಯನ್ನು ಉಳಿಸಿದ್ದು ಲಾವಣಿಕಾರರು. ಮುಂದೆ ಶಾಸನಗಳ ಓದಿಗೆ ಹೆಸರಾದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿದ. ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಹಾಡನ್ನು ಬರೆದುಕೊಂಡ ಅನ್ನೋದು ವಿಚಿತ್ರ, ಆದರೆ ನಿಜ.

ಈಗ ಇನ್ನೊಂದು ತುದಿಗೆ ಬನ್ನಿ, ಕೊಡಗಿಗೆ. ಹಲಗಲಿ ಸುಟ್ಟ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷ್ ಸರ್ಕಾರ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಅಲ್ಲಿ ಕೋವಿ, ಒಡಿಕತ್ತಿ ಮನೆತನದ ಗೌರವ ಅಂತ ಒಪ್ಪಿತು. ಆ ವಿನಾಯಿತಿ ಇವತ್ತಿಗೂ ನಡೆದು ಬಂದಿದೆ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೊಡವರಿಗೆ ಸಿಕ್ಕಿದ್ದು ತಪ್ಪು ಅಂತ ನನ್ನ ಮಾತಲ್ಲ. ಬೇಡರಿಗೂ ಹತ್ಯಾರ ಪೂಜೆಯ ವಸ್ತುವೇ ಆಗಿತ್ತು. ಆದರೆ ಯಾರ ಪರಂಪರೆ ಗೌರವ, ಯಾರ ಪರಂಪರೆ ಅಪಾಯ ಅನ್ನೋದನ್ನು ತೀರ್ಮಾನ ಮಾಡಿದ್ದು ಸರ್ಕಾರಕ್ಕೆ ಯಾರ ಮೇಲೆ ನಂಬಿಕೆ ಇತ್ತು ಅನ್ನೋ ಒಂದೇ ಲೆಕ್ಕ.

ಸ್ವತಂತ್ರ ಭಾರತದ ಕಾನೂನು ಏನು ಹೇಳುತ್ತೆ? 1959ರ ಶಸ್ತ್ರಾಸ್ತ್ರ ಕಾಯ್ದೆ ಬರೀ ಮನೆ ಅಥವಾ ಕೃಷಿ ಬಳಕೆಗೆಂದೇ ಮಾಡಿದ ವಸ್ತುಗಳನ್ನು ‘ಆಯುಧ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಿಯಮಗಳಲ್ಲಿ ಒಂದು ಅಳತೆಯೂ ಇದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು ಹರಿತ ಆಯುಧಗಳ ವರ್ಗಕ್ಕೆ ಸೇರುತ್ತೆ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದ್ದನ್ನು ಬಿಟ್ಟು. ಗಮನಿಸಿದಿರಾ? ಕುಲುಮೆಯ ಪ್ರಶ್ನೆಯೇ ಕಾನೂನಿನ ಪುಸ್ತಕದಲ್ಲೂ ಕೂತಿದೆ: ಯಾವ ಕೆಲಸಕ್ಕ? ಕೊಯ್ತಾ ಹೊಲದಲ್ಲಿ ಹತ್ಯಾರ. ಅದನ್ನೇ ಬೀದಿಯಲ್ಲಿ ಬೀಸಿ ರೀಲ್ಸ್ ಮಾಡಿದರೆ ಉತ್ತರ ಪೊಲೀಸ್ ಸ್ಟೇಷನ್ನಿನಲ್ಲಿ ಕೊಡಬೇಕಾಗುತ್ತೆ. ಚಾಕು ಕೊಳ್ಳೋ ಮುಂಚೆ ಇದೂ ತಲೆಯಲ್ಲಿರಲಿ.

ಇಬ್ಬರಿಗೆ ಒಂದು ಕೊಯ್ತಾ

ಮತ್ತೆ ಫಡಕ್ಕೆ ಬರೋಣ. ಮರುದಿನ ಅದೇ ಗ್ಯಾಂಗ್‌ನ ಜೊತೆ ಚಹಾ ಕುಡೀತಾ ಮುಕಾದಮರನ್ನು ಕೇಳಿದೆ, “ಎಷ್ಟು ಮಂದಿ ಇದ್ದೀರಿ?”

“ಹನ್ನೆರಡು ಕೊಯ್ತಾ” ಅಂದರು.

ನಾನು ಎಣಿಸಿದೆ. ಇಪ್ಪತ್ತನಾಲ್ಕು ಜನ ಇದ್ದರು. ಲೆಕ್ಕ ತಪ್ಪಿದೆ ಅಂದುಕೊಂಡೆ. ಲೆಕ್ಕ ಸರಿ ಇತ್ತು, ನನಗೆ ಭಾಷೆ ಗೊತ್ತಿರಲಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಸಕ್ಕರೆ ಸೀಮೆಗೆ ಬರೋ ಕಟಾವಿನವರಲ್ಲಿ ಗಂಡ ಹೆಂಡತಿ ಜೋಡಿ ಸೇರಿ ‘ಒಂದು ಕೊಯ್ತಾ’. ಒಬ್ಬರೇ ಬಂದರೆ ‘ಅರ್ಧ ಕೊಯ್ತಾ’. ಆ ಲೆಕ್ಕ ಗಡಿ ದಾಟಿ ಇಲ್ಲಿಗೂ ಬಂದಿದೆ. ಮಳೆಗಾಲದಲ್ಲೇ ಒಂದೊಂದು ಕೊಯ್ತಾಕ್ಕೆ ಇಷ್ಟು ಅಂತ ಮುಂಗಡ, ಹಂಗಾಮಿನಲ್ಲಿ ಕಡಿದ ಟನ್ನಿನ ಲೆಕ್ಕದಲ್ಲಿ ಅದನ್ನು ತೀರಿಸೋದು. ಒಂದು ದಿನ ತಪ್ಪಿದರೆ ಕಡಿತ.

ಬಿ.ಕಾಂ. ಓದಿದವನಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತೆ. ಖಾತೆ ಒಂದು, ದುಡಿಯೋರು ಇಬ್ಬರು. ಒಬ್ಬರು ಕಡಿದರೆ ಇನ್ನೊಬ್ಬರು ಸವರಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರೇಲರಿಗೆ ಏರಿಸ್ತಾರೆ. ಕಡಿಯೋದರಲ್ಲೂ ಕೈ ಹಾಕ್ತಾರೆ. ವಿಜಯಪುರ ಕಡೆಯಿಂದ ಬಂದ ಒಬ್ಬ ಅಕ್ಕ ಹೊರೆ ಇಳಿಸಿ ಹೇಳಿದರು: “ಕೊಯ್ತಾ ಅಂದ್ರ ನಾವಿಬ್ರೂ ಹೌದ್ರಿ. ಆದ್ರ ರೊಕ್ಕದ ಪಟ್ಟಿ ಅವರ ಹೆಸರಿಗಿ.” ಅಡುಗೆ, ನೀರು, ಕೂಸು ಅವರ ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ತೆಗೆಸಿಕೊಂಡವರು ಬಹಳ ಅನ್ನೋ ಸುದ್ದಿ ದೇಶದಲ್ಲಿ ಗದ್ದಲ ಎಬ್ಬಿಸಿತು, ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿ ತನಿಖೆ ನಡೆಸಿತು. ತಿಂಗಳ ನೋವಿಗೂ ಒಂದು ದಿನ ರಜೆ ಇಲ್ಲದ ಲೆಕ್ಕದಲ್ಲಿ ದೇಹವೂ ಹತ್ಯಾರವೇ ಆಗಿಬಿಡುತ್ತೆ.

ಹಲಗಲಿಯಲ್ಲಿ ಸರ್ಕಾರ ಜನರ ಹತ್ಯಾರ ಕೇಳಿತು. ಇಲ್ಲಿ ಹತ್ಯಾರ ಅವರದೇ, ಅವರೇ ಕೊಂಡಿದ್ದು, ಅವರೇ ಹಣಿಸಿದ್ದು. ಆದರೆ ಲೆಕ್ಕದ ಪುಸ್ತಕದಲ್ಲಿ ಮನುಷ್ಯರ ಹೆಸರಿನ ಜಾಗದಲ್ಲಿ ಹತ್ಯಾರದ ಹೆಸರು ಕೂತಿದೆ.

ಈಗ ಹಾರ್ವೆಸ್ಟರ್ ಯಂತ್ರಗಳೂ ಫಡಕ್ಕೆ ಇಳಿದಿವೆ. ಆಳು ಸಿಗ್ತಿಲ್ಲ ಅಂತ ರೈತರೂ ಕಾರ್ಖಾನೆಗಳೂ ಅದರ ಕಡೆ ತಿರುಗ್ತಿದ್ದಾರೆ. ಯಂತ್ರ ಕಬ್ಬನ್ನು ತುಂಡು ತುಂಡು ಮಾಡುತ್ತೆ, ತುಂಡು ಕಬ್ಬು ಇಡೀ ಕಬ್ಬಿಗಿಂತ ಬೇಗ ಕೆಡುತ್ತೆ, ಸಣ್ಣ ತುಣುಕು ಹೊಲದಲ್ಲಿ ಅದು ತಿರುಗಲ್ಲ. ಹಾಗಾಗಿ ಕೊಯ್ತಾ ನಾಳೆಯೇ ಹೋಗಲ್ಲ. ಹೋಗೋ ದಿನ ಬಂದರೆ, ಬೆನ್ನು ಮುರಿಯೋ ದುಡಿಮೆ ಹೋಯ್ತು ಅಂತ ಖುಷಿ ಪಡಬೇಕೋ, ಆ ಹನ್ನೆರಡು ಕೊಯ್ತಾದ ಊಟ ಹೋಯ್ತು ಅಂತ ಚಿಂತೆ ಮಾಡಬೇಕೋ? ಆ ಅಕ್ಕನನ್ನೇ ಕೇಳಿದೆ. “ಮಗಳು ನರ್ಸಿಂಗ್ ಓದಾಕತ್ತಾಳ್ರಿ, ಆಕಿ ಕೈಯಾಗ ಕೊಯ್ತಾ ಬರಬಾರದು. ನನ್ನ ಕೈಯಾಗಿಂದು ಮಾತ್ರ ಆಕಿ ಓದು ಮುಗಿಯೂ ತನಕ ಬೇಕು” ಅಂದರು. ನನ್ನ ಹತ್ತಿರ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ಕೊನೆಗೆ ನನ್ನ ಚಾಕು ಏನಾಯಿತು? ಕಾಕಾ ಮಾಡಿ ಕೊಟ್ಟರು. ಅಲಗು ನಾಲ್ಕು ಇಂಚು, ಪಾಟಾದ ಉಕ್ಕು, ಬಾಲ ಹಿಡಿಯ ಕೊನೇ ತನಕ, ಜಾಲಿ ಹಿಡಿ. ನೋಡೋಕೆ ಚಂದ ಇಲ್ಲ. ಹಿಮದ ಬೆಟ್ಟದ ಫೋಟೋಕ್ಕೆ ಒಗ್ಗಲ್ಲ. ಪಾರ್ಸೆಲ್, ಹಗ್ಗ, ಪೈಪು, ಮಾವಿನಕಾಯಿ ಎಲ್ಲಕ್ಕೂ ಆಗ್ತಿದೆ. ರೊಕ್ಕ ಇಸಕೊಳ್ಳುವಾಗ ಕಾಕಾ ಹೇಳಿದ್ದು ಒಂದೇ: “ದಿನಾ ಒರಸಿ ಇಡು. ಮೊಂಡ ಆತಂದ್ರ ತಗೊಂಡು ಬಾ, ನಾ ಇಲ್ಲೇ ಇರತೇನಿ.”

ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಕುಡಗೋಲೋ, ಈಳಿಗೆ ಮಣೆಯೋ, ಕೊಡಲಿಯೋ ಇರಬಹುದು. ಅದನ್ನು ಯಾರು ಮಾಡಿದರು, ಯಾವ ಕೆಲಸಕ್ಕೆ ಮಾಡಿದರು ಅಂತ ಮನೆಯ ಹಿರಿಯರನ್ನು ಕೇಳಿ, ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಒಳ್ಳೆಯವನ್ನು ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.

ಅಲ್ಲೀತನಕ, ಶರಣು.